ಓಕ್ಲೆಂಡ್‌ನಲ್ಲಿ ಆ ಗುರುವಾರ

2024ರ ಸೆಪ್ಟೆಂಬರ್‌ನಲ್ಲಿ ಮೂರು ವಾರ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ತಂಗಿ ಮನೆಯಲ್ಲಿದ್ದೆ. ಗೋಲ್ಡನ್ ಗೇಟ್ ಸೇತುವೆ ನೋಡಿದೆ, ಯೊಸೆಮಿಟಿಗೂ ಹೋಗಿ ಬಂದೆ. ಎರಡೂ ಚೆನ್ನಾಗಿವೆ. ಆದರೆ ಬೆಂಗಳೂರಿಗೆ ಬಂದ ಮೇಲೆ ಯಾರು ಕೇಳಿದರೂ ನಾನು ಹೇಳುವುದು 26ನೇ ತಾರೀಕಿನ ಗುರುವಾರದ ಮಾತೇ.

ತಂಗಿಯ ಮಗನಿಗೆ ಹನ್ನೆರಡು ವರ್ಷ. "ದೊಡ್ಡಮ್ಮ, ನಮ್ಮ ಟೀಮ್ ಊರು ಬಿಟ್ಟು ಹೋಗ್ತಿದೆ. ಇಲ್ಲಿ ಇದೇ ಲಾಸ್ಟ್ ಮ್ಯಾಚ್. ನೀನೂ ಬಾ" ಅಂದ. ತಂಗಿ ಅವನಿಗೆ ಸ್ಕೂಲಿಗೆ ರಜೆ ಹಾಕಿಸಿದಳು. ನನಗೆ ಬೇಸ್‌ಬಾಲ್ ಗೊತ್ತಿರಲಿಲ್ಲ. ಆದರೆ ಒಂದು ತಂಡ ಊರನ್ನೇ ಬಿಟ್ಟು ಹೋಗುವುದು ಅಂದರೇನು? ಅದು ಮನಸ್ಸಿನಲ್ಲಿ ಕೊರೆಯತೊಡಗಿತು.

ತಂಡದ ಹೆಸರು ಅಥ್ಲೆಟಿಕ್ಸ್. ಅಲ್ಲಿ ಎಲ್ಲರೂ 'ಏಸ್' ಅಂತಲೇ ಕರೆಯುತ್ತಾರೆ. ಫಿಲಡೆಲ್ಫಿಯಾದಲ್ಲಿ ಹುಟ್ಟಿ, ಕಾನ್ಸಾಸ್ ಸಿಟಿಗೆ ಹೋಗಿ, 1968ರಲ್ಲಿ ಓಕ್ಲೆಂಡ್‌ಗೆ ಬಂದ ತಂಡ ಇದು. ಇಲ್ಲಿದ್ದಾಗ 1972, 73, 74, ಆಮೇಲೆ 1989, ಹೀಗೆ ನಾಲ್ಕು ಸಲ ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ಬೇಸ್‌ಬಾಲ್ ಚಾಂಪಿಯನ್ ಪಟ್ಟ, ಗೆದ್ದಿದೆ. ಈಚೆಗೆ ಮಾತ್ರ ತುಂಬಾ ಬಡವಾಗಿತ್ತು. 2023ರಲ್ಲಿ 162 ಪಂದ್ಯ ಆಡಿ 112 ಸೋತಿತ್ತು. 2024ರಲ್ಲಿ ಪರವಾಗಿಲ್ಲ, ಕೊನೆಗೆ 69 ಗೆದ್ದರು. ಮುಂದಿನ ವರ್ಷದಿಂದ ಸ್ಯಾಕ್ರಮೆಂಟೋ ಪಕ್ಕದ ಚಿಕ್ಕ ಮೈದಾನ, ಆಮೇಲೆ ಲಾಸ್ ವೇಗಸ್ ಅಂತ ತೀರ್ಮಾನವಾಗಿತ್ತು. ಬಾಸ್ಕೆಟ್‌ಬಾಲ್‌ನ ವಾರಿಯರ್ಸ್ 2019ರಲ್ಲೇ ಕೊಲ್ಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದರು. ಅಮೆರಿಕನ್ ಫುಟ್‌ಬಾಲ್‌ನ ರೇಡರ್ಸ್ ಅದರ ಮರುವರ್ಷ ವೇಗಸ್ ಸೇರಿದ್ದರು. ಊರಿಗೆ ಉಳಿದಿದ್ದದ್ದು ಇದೊಂದೇ.

ಫ್ರೀಮಾಂಟ್‌ನಿಂದ ಬಾರ್ಟ್ ರೈಲು ಹತ್ತಿ ಕೊಲಿಸಿಯಂ ಸ್ಟೇಷನ್‌ನಲ್ಲಿ ಇಳಿದೆವು. ಸ್ಟೇಷನ್‌ನಿಂದ ಮೈದಾನಕ್ಕೆ ಉದ್ದನೆಯ ಕಾಲುಸೇತುವೆ. ಅದರ ತುಂಬಾ ಹಸಿರು ಹಳದಿ ಶರ್ಟುಗಳು. ಕೆಲವರ ಶರ್ಟಿನ ಮೇಲೆ ಒಂದೇ ಪದ: 'ಸೆಲ್'. ತಂಡವನ್ನು ಇಲ್ಲೇ ಉಳಿಸಿಕೊಳ್ಳುವವರಿಗೆ ಮಾರಿಬಿಡಿ ಅಂತ ಮಾಲೀಕರಿಗೆ ಹೇಳುವ ಮಾತು ಅದು. ಹಿಂದಿನ ವರ್ಷ ಪೂರ್ತಿ ಹೀಗೇ ಕೂಗಿದ್ದರಂತೆ.

ಗೇಟಿನ ಹತ್ತಿರ ಆದದ್ದನ್ನು ಹೇಳಲೇಬೇಕು. ಟಿಕೆಟ್ ಫೋನಿನಲ್ಲಿತ್ತು. ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಎಲ್ಲಿರುತ್ತೆ? ಆ್ಯಪ್ ತೆರೆಯಲೇ ಇಲ್ಲ. ಪಕ್ಕಕ್ಕೆ ನಿಲ್ಲಿಸಿದರು. ಫೋನನ್ನು ಎತ್ತಿ ಹಿಡಿದುಕೊಂಡು ಆ ಕಡೆ ಈ ಕಡೆ ಓಡಾಡುವಷ್ಟರಲ್ಲಿ ಒಳಗಿನಿಂದ ಭಾರಿ ಕೂಗು ಕೇಳಿಸಿತು. ಹುಡುಗನ ಮುಖ ಇಳಿದುಹೋಯಿತು. ರಿಕಿ ಹೆಂಡರ್ಸನ್, ಡೇವ್ ಸ್ಟೀವರ್ಟ್ ಈ ತಂಡದ ಹಳೇ ಆಟಗಾರರು, ಇಬ್ಬರೂ ಓಕ್ಲೆಂಡ್‌ನಲ್ಲೇ ಬೆಳೆದವರು. ಅವತ್ತು ಪಂದ್ಯಕ್ಕೆ ಮುಂಚೆ ಗೌರವದ ಮೊದಲ ಚೆಂಡು ಎಸೆದವರು ಅವರೇ. ಅದು ನಮಗೆ ತಪ್ಪಿಹೋಯಿತು. ದಯವಿಟ್ಟು ಮನೆಯಿಂದ ಹೊರಡುವಾಗಲೇ ಟಿಕೆಟ್ಟನ್ನು ಫೋನಿನ ವ್ಯಾಲೆಟ್‌ಗೆ ಇಳಿಸಿಕೊಳ್ಳಿ. ಗೇಟಿಗೆ ಹೋದ ಮೇಲೆ ನೋಡೋಣ ಅಂತ ಮಾತ್ರ ಬಿಡಬೇಡಿ.

ಕೊಲಿಸಿಯಂ ಹಳೇ ಕಾಂಕ್ರೀಟಿನ ದೊಡ್ಡ ಬೋಗುಣಿ. ಚೆಂದವಿಲ್ಲ ಅನ್ನುವವರೇ ಜಾಸ್ತಿ. ನನಗಂತೂ ಹಿಡಿಸಿತು. ಬಲಗಡೆ ಮೂಲೆಯಲ್ಲಿ ಡ್ರಮ್ ಬಾರಿಸುತ್ತಲೇ ಇದ್ದರು. ತಿಂಡಿಗೆ ನಾಚೋಸ್ ತಗೊಂಡೆವು. ಅದರ ಮೇಲೆ ಸುರಿಯುವ ಹಳದಿ ಚೀಸ್ ಬಾಯಿಗಿಡಲು ಆಗಲಿಲ್ಲ. ಆದರೆ ಸಿಪ್ಪೆ ಸಮೇತ ಹುರಿದ ಕಡಲೆಕಾಯಿ ಸಿಗುತ್ತೆ. ಬಸವನಗುಡಿ ಪರಿಷೆಯಷ್ಟು ಬಿಸಿಯಿಲ್ಲ, ರುಚಿ ಚೆನ್ನಾಗಿದೆ. ಸಿಪ್ಪೆಯನ್ನು ಎಲ್ಲರೂ ಕಾಲಡಿಗೇ ಹಾಕುತ್ತಿದ್ದರು.

ನನ್ನ ಪಕ್ಕದ ಸೀಟಿನಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು. ತೊಡೆ ಮೇಲೆ ಸ್ಕೋರ್ ಹಾಳೆ, ಕೈಯಲ್ಲಿ ಮೋಟು ಪೆನ್ಸಿಲ್. ಒಂದೊಂದು ಆಟಕ್ಕೂ ಒಂದೊಂದು ಮನೆಯಲ್ಲಿ ಏನೋ ಬರೆಯುತ್ತಿದ್ದರು. ನನ್ನ ಅಪ್ಪ ರೇಡಿಯೋ ಕಾಮೆಂಟರಿ ಕೇಳುತ್ತಾ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಹೀಗೇ ಕ್ರಿಕೆಟ್ ಸ್ಕೋರ್ ಬರೆಯುತ್ತಿದ್ದರು. ತಡೆಯಲಾರದೆ ಕೇಳಿಯೇಬಿಟ್ಟೆ.

ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. "ಮೈದಾನದಲ್ಲಿ ಒಬ್ಬೊಬ್ಬರಿಗೂ ಒಂದು ನಂಬರ್. ಚೆಂಡೆಸೆಯುವವನು 1, ಅವನೆದುರು ಕೂತು ಹಿಡಿಯುವವನು 2. ಓಡುವವರು ಮುಟ್ಟಬೇಕಾದ ಬಿಳಿ ದಿಂಬೇ ಬೇಸ್. ಮೊದಲ ಬೇಸಿನವನು 3, ಎರಡನೇ ಬೇಸಿನವನು 4, ಮೂರನೇ ಬೇಸಿನವನು 5. ಎರಡನೇ ಮೂರನೇ ಬೇಸ್‌ಗಳ ನಡುವೆ ನಿಲ್ಲುವವನು 6. ಹಿಂದೆ ದೂರದಲ್ಲಿ 7, 8, 9." ಚೆಂಡು ಯಾರಿಂದ ಯಾರಿಗೆ ಹೋಗಿ ಔಟ್ ಆಯಿತೋ ಆ ನಂಬರ್ ಬರೆದರಾಯಿತು. ಬ್ಯಾಟ್ ಬೀಸಿ ಮೂರು ಸಲ ತಪ್ಪಿದರೆ ಒಂದು 'ಕೆ'. ಬೀಸದೆ ನೋಡುತ್ತಾ ನಿಂತು ಔಟಾದರೆ ಅದೇ 'ಕೆ'ಯನ್ನು ತಿರುಗಿಸಿ ಬರೆಯಬೇಕು.

"ಎಷ್ಟು ವರ್ಷದಿಂದ ಬರೀತಿದ್ದೀರಿ?"

"ಕಾಲೇಜಿನಿಂದ. 1991ರ ಮೇ 1ನೇ ತಾರೀಕಿನ ಹಾಳೆಯೂ ಮನೆಯಲ್ಲಿದೆ. ರಿಕಿ 939ನೇ ಬೇಸ್ ಕದ್ದ ದಿನ. ಅಲ್ಲಿ ನೋಡಿ, ಆ ಮೂರನೇ ಬೇಸ್. ಅದನ್ನು ಕಿತ್ತು ತಲೆ ಮೇಲೆ ಎತ್ತಿ ಹಿಡಿದಿದ್ದ."

ಎದುರಾಳಿ ಚೆಂಡೆಸೆಯುವಷ್ಟರಲ್ಲಿ ಮುಂದಿನ ಬೇಸಿಗೆ ಓಡಿಬಿಡುವುದೇ ಕದಿಯುವುದು. ರಿಕಿ ಒಟ್ಟು 1,406 ಸಲ ಕದ್ದಿದ್ದಾರೆ. ಅವರ ಹತ್ತಿರಕ್ಕೂ ಯಾರೂ ಬಂದಿಲ್ಲ. ಕೊಲಿಸಿಯಂ ಒಳಗಿನ ಆಟದ ಅಂಗಳಕ್ಕೆ ಅವರದೇ ಹೆಸರಿಟ್ಟಿದ್ದರು.

"ಸ್ಯಾಕ್ರಮೆಂಟೋಗೆ ಹೋಗ್ತೀರಾ ಮುಂದಿನ ವರ್ಷ?" ಅಂತ ಕೇಳಿದೆ.

"ಇಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅವರು ಓಕ್ಲೆಂಡ್ ಅನ್ನೋ ಹೆಸರು ಬಿಟ್ಟು ಹೋಗ್ತಿದ್ದಾರೆ. ನಾನು ಓಕ್ಲೆಂಡ್‌ನವಳು" ಅಂದರು.

ಎದುರಾಳಿ ಟೆಕ್ಸಸ್ ರೇಂಜರ್ಸ್, ಹಿಂದಿನ ವರ್ಷದ ಚಾಂಪಿಯನ್ನರು. ಒಂಬತ್ತನೇ ಇನ್ನಿಂಗ್ಸ್ ಹೊತ್ತಿಗೆ ನಮ್ಮವರು 3-2ರಿಂದ ಮುಂದಿದ್ದರು. ಆಗಲೇ 'ನಮ್ಮವರು' ಆಗಿಬಿಟ್ಟಿದ್ದರು. ಮೇಸನ್ ಮಿಲ್ಲರ್ ಬಂದ. ಗಂಟೆಗೆ 160 ಕಿಲೋಮೀಟರ್ ದಾಟಿಸಿ ಎಸೆಯುವ ಹುಡುಗ. ಇಡೀ ಮೈದಾನ ಎದ್ದು ನಿಂತಿತು. ಅವತ್ತು 46,889 ಜನ ಬಂದಿದ್ದರು. ಕೊನೆಯ ಚೆಂಡು ನೆಲದ ಮೇಲೆ ಪುಟಿಯುತ್ತಾ ಮೂರನೇ ಬೇಸಿನವನ ಕೈಗೆ ಹೋಯಿತು, ಅಲ್ಲಿಂದ ಮೊದಲ ಬೇಸಿಗೆ. ಆಟ ಮುಗಿಯಿತು.

ಆ ಹೆಂಗಸು '5-3' ಅಂತ ಬರೆದರು. ಆಮೇಲೆ ಪೆನ್ಸಿಲ್ ನಮ್ಮ ಹುಡುಗನ ಕೈಗೆ ಕೊಟ್ಟು, "ಟೋಟಲ್ ನೀನು ಹಾಕು" ಅಂದರು. ಅವನು ಎರಡೂ ತಂಡದ ಸಾಲು ಕೂಡಿ, 3 ಮತ್ತು 2 ಅಂತ ದಪ್ಪಗೆ ಬರೆದ. ಕೈ ನಡುಗುತ್ತಿತ್ತು.

ಯಾರೂ ಹೊರಡಲಿಲ್ಲ. ಮ್ಯಾನೇಜರ್ ಮಾರ್ಕ್ ಕಾಟ್ಸೇ ಮೈಕ್ ಹಿಡಿದು ಎಲ್ಲರಿಗೂ ಥ್ಯಾಂಕ್ಸ್ ಹೇಳಿ, 'ಲೆಟ್ಸ್ ಗೋ ಓಕ್ಲೆಂಡ್' ಅಂತ ಕೂಗಿಸಿದರು. ಜನ ಅಂಚಿಗೆ ಹೋಗಿ ಮೈದಾನದ ಮಣ್ಣಿಗೆ ಕೈಯೊಡ್ಡುತ್ತಿದ್ದರು. ನಮ್ಮ ಹುಡುಗನಿಗೂ ಒಂದು ಹಿಡಿ ಸಿಕ್ಕಿತು. ಕಡಲೆಕಾಯಿಯ ಖಾಲಿ ಕವರಿನಲ್ಲಿ ಕಟ್ಟಿಕೊಂಡ. ಕಂದು ಕೆಂಪು ಬಣ್ಣದ, ಒಣಗಿದ ಮಣ್ಣು. ರೈಲಿನಲ್ಲಿ ನಿಂತುಕೊಂಡೇ ಮನೆಗೆ ಬಂದೆವು. ಕವರನ್ನು ಅವನು ಬ್ಯಾಗಿಗೂ ಹಾಕಲಿಲ್ಲ.

ಡಿಸೆಂಬರ್‌ನಲ್ಲಿ, ನಾನು ಬೆಂಗಳೂರಿನಲ್ಲಿದ್ದಾಗ, ಹುಡುಗ ಫೋನ್ ಮಾಡಿದ. "ದೊಡ್ಡಮ್ಮ, ರಿಕಿ ಹೋಗ್ಬಿಟ್ರು." 66 ತುಂಬಲು ಐದೇ ದಿನ ಬಾಕಿ ಇತ್ತು. ಅವನು ಇನ್ನೇನೂ ಹೇಳಲಿಲ್ಲ. ಆ ಗೇಟಿನ ಹೊರಗೆ ಕೇಳಿಸಿದ ಕೂಗು ನನಗೆ ಇನ್ನೂ ನೆನಪಿದೆ.