ಬಿಲ್ಲೆಯ ತೂತು

ರಾತ್ರಿ ಹನ್ನೊಂದಾಯ್ತು, ಭೂತಗನ್ನಡಿ ಇನ್ನೂ ಕೈಯಲ್ಲೇ ಇದೆ. ಎದುರಿಗಿರೋದು 1840ರ ಹಿತ್ತಾಳೆ ಬಿಲ್ಲೆ. ಅಮೆರಿಕದಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಅಧ್ಯಕ್ಷ ಪದವಿಗೆ ನಿಂತಾಗಿನ ಪ್ರಚಾರದ್ದು. ಒಂದು ಕಡೆ ಅವನ ಮುಖ, ಇನ್ನೊಂದು ಕಡೆ ಮರದ ದಿಮ್ಮಿಯ ಗುಡಿಸಲು, ಸೈಡರ್ ಅನ್ನೋ ಸೇಬಿನ ಮದ್ಯದ ಪೀಪಾಯಿ. ಆಸಾಮಿ ಹುಟ್ಟಿದ್ದು ಮಾತ್ರ ವರ್ಜೀನಿಯಾದ ದೊಡ್ಡ ಜಮೀನ್ದಾರರ ಬಂಗಲೆಯಲ್ಲಿ! ಗುಡಿಸಲಲ್ಲಿ ಸೈಡರ್ ಕುಡ್ಕೊಂಡು ಬಿದ್ದಿರ್ಲಿ ಅಂತ ವಿರೋಧಿಗಳು ಅಣಕಿಸಿದ್ದನ್ನೇ ಇವರು ಚಿಹ್ನೆ ಮಾಡ್ಕೊಂಡು ಗೆದ್ದುಬಿಟ್ಟರು. ಕುರ್ಚಿಯಲ್ಲಿ ಕೂತಿದ್ದು ಒಂದೇ ತಿಂಗಳು, 1841ರ ಏಪ್ರಿಲ್‌ನಲ್ಲಿ ತೀರಿಕೊಂಡ.

ಈ ಗುಡಿಸಲಿಗೂ ಹತ್ತಾರು ಅಚ್ಚುಗಳಿವೆ. ಬಾವುಟ, ಮರ, ಪೀಪಾಯಿ ಒಂದೊಂದರಲ್ಲಿ ಒಂದೊಂದು ಥರ. ನನ್ನದು ಯಾವುದು ಅಂತ ಮೂರು ದಿನದಿಂದ ಪಟ್ಟಿ ತಿರುವಿ ಹಾಕ್ತಾ ಇದ್ದೀನಿ.

'ತೂತು ಬಿದ್ದಿದ್ದಕ್ಕೆ ಇಷ್ಟು ದುಡ್ಡು ಕೊಟ್ರಾ?' ಅಂದಳು ಹೆಂಡತಿ. ತೂತೇ ಇದರ ಗಮ್ಮತ್ತು ಕಣೇ ಅಂದೆ. ಪಿನ್ ಚುಚ್ಚೋ ಸೆಲ್ಯುಲಾಯ್ಡ್ (ಹಳೇ ಕಾಲದ ಪ್ಲಾಸ್ಟಿಕ್) ಬಟನ್ ಚುನಾವಣೆಗೆ ಬಂದಿದ್ದು 1896ರಲ್ಲಿ. ಅದಕ್ಕೂ ಮುಂಚೆ ಇಂಥ ಬಿಲ್ಲೆಗೆ ದಾರವೋ ರಿಬ್ಬನ್ನೋ ಪೋಣಿಸಿ ಕೋಟಿಗೆ ನೇತು ಹಾಕ್ಕೊಳ್ತಿದ್ರು.

ಇದರಲ್ಲಿ ತೂತಿನ ಮೇಲಂಚು ಚೂರು ಸವೆದಿದೆ. ಯಾರೋ ಬಹಳ ದಿನ ಹಾಕ್ಕೊಂಡು ಓಡಾಡಿರಬೇಕು. ಹ್ಯಾರಿಸನ್ ಹೋದ ಮೇಲೂ ಬಿಚ್ಚಿರಲಿಲ್ಲವೋ ಏನೋ.