ಒಂದೇ ಸ್ಟಾರಿನ ಮಡ್ಕಿಪ್

10 ಏಪ್ರಿಲ್ 2022, ರವಿವಾರ
ಕೊಪ್ಪಳ

ರಾಮನವಮಿ. ಪಾನಕ, ಕೋಸಂಬರಿ ಮುಗಿಸಿ ಮನೆಮಂದಿಯೆಲ್ಲ ಫ್ಯಾನಿನ ಕೆಳಗೆ ಅಡ್ಡಾದಾಗ ನಾನು ಪವರ್ ಬ್ಯಾಂಕ್ ಕಿಸೆಗಿಟ್ಟುಕೊಂಡು ಗವಿಮಠದ ಕಡೆ ಹೊರಟೆ. "ಈ ಬಿಸಲಾಗ ಎಲ್ಲಿಗ್ ಹೊಂಟಿ? ತಲಿಗೆ ಟವೆಲ್ಲರ ಸುತ್ಕೊ," ಅಂತ ಅವ್ವ ಒಳಗಿಂದಲೇ ಕೂಗಿದಳು. ಮಡ್ಕಿಪ್ ಹಿಡಿಯಲಿಕ್ಕೆ ಅಂತ ಹೇಳಿದ್ದರೆ ಟವೆಲ್ಲಿನಿಂದಲೇ ಹೊಡೀತಿದ್ದಳು.

ಮಡ್ಕಿಪ್ ಅಂದರೆ ಪೋಕೆಮಾನ್ ಗೋ ಅನ್ನೋ ಮೊಬೈಲ್ ಆಟದ ಒಂದು ಪ್ರಾಣಿ. ಇವತ್ತು ಅದರ ಕಮ್ಯುನಿಟಿ ಡೇ ಕ್ಲಾಸಿಕ್, ಅಂದರೆ ಹೋದಲ್ಲೆಲ್ಲ ಅದೇ ಸಿಗುವ ದಿನ ಎರಡನೇ ಸಲ ಬಂದಿದೆ. ಮೂರೇ ತಾಸು. 2019ರ ಜುಲೈನಲ್ಲಿ ಮೊದಲ ಸಲ ಬಂದಾಗ ನಾನು ಆಟ ಬಿಟ್ಟು ಕೂತಿದ್ದೆ. ಮಡ್ಕಿಪ್ ಬೆಳೆದರೆ ಮಾರ್ಷ್‌ಟಾಂಪ್, ಅದು ಬೆಳೆದರೆ ಸ್ವಾಂಪರ್ಟ್. ಇವತ್ತಿನ ಗಡುವಿನೊಳಗೆ ಮಾರ್ಷ್‌ಟಾಂಪನ್ನು ಸ್ವಾಂಪರ್ಟ್ ಮಾಡಿದರೆ ಹೈಡ್ರೋ ಕ್ಯಾನನ್ ಅನ್ನೋ ನೀರಿನ ಏಟು ತಾನಾಗಿ ಸಿಗುತ್ತದೆ. ತಪ್ಪಿದರೆ ಎಲೀಟ್ ಟಿಎಂ (ಬೇಕಾದ ಏಟು ಕಲಿಸುವ ಅಪರೂಪದ ಸಾಮಾನು) ಖರ್ಚು ಮಾಡಬೇಕು, ನನ್ನ ಚೀಲದಲ್ಲಿ ಅದು ಒಂದೂ ಇಲ್ಲ.

ನಮ್ಮಂಥ ಊರಲ್ಲಿ ಆಟದ ಸಾಮಾನು ಸಿಗುವ ಸ್ಟಾಪ್ ಕಡಿಮೆ, ಮೇಲಾಗಿ ಮೊಬೈಲ್ ಕಾದು ಹಂಚಾಗಿತ್ತು. ಎರಡು ಸಲ ಸ್ಕ್ರೀನ್ ಮಂಕಾಗಿ, ಕಬ್ಬಿನ ಹಾಲಿನ ಗಾಡಿಯ ನೆರಳಲ್ಲಿ ನಿಂತು ಆರಿಸಿಕೊಂಡೆ. ಕೊನೆಗೆ ಕೂಡಿದ್ದು 138 ಕ್ಯಾಂಡಿ. ಹಿಡಿದಾಗೆಲ್ಲ ಸಿಗುವ ಈ ಮಿಠಾಯಿ ಕೊಟ್ಟೇ ಪ್ರಾಣಿಯನ್ನು ಬೆಳೆಸಬೇಕು. ಮಡ್ಕಿಪ್‌ನಿಂದ ಮಾರ್ಷ್‌ಟಾಂಪಿಗೆ 25, ಅಲ್ಲಿಂದ ಸ್ವಾಂಪರ್ಟಿಗೆ 100. ಅಂದರೆ ಒಂದೇ ಒಂದಕ್ಕೆ ಸಾಕು. ಯಾವುದಕ್ಕೆ?

ಮನೆಗೆ ಬಂದು ಪಡಸಾಲೆಯಲ್ಲಿ ಕೂತು ಒಂದೊಂದನ್ನೇ ಅಪ್ರೈಸ್ ಮಾಡಿದೆ, ಅಂದರೆ ಹುಟ್ಟುಗುಣ ನೋಡಿದೆ. ಅಟ್ಯಾಕ್, ಡಿಫೆನ್ಸ್, ಎಚ್‌ಪಿ (ಜೀವಬಲ) ಅಂತ ಮೂರು ಪಟ್ಟಿ, ಒಂದೊಂದಕ್ಕೂ ಸೊನ್ನೆಯಿಂದ 15ರ ತನಕ. ಒಂದು ಮಡ್ಕಿಪ್ ತೆಗೆದರೆ ಮೂರೂ ಪಟ್ಟಿ ತುಂಬಿ ಕೆಂಪಗೆ ನಿಂತವು. 15-15-15! ಅಂದರೆ ಪೂರ್ತಿ ನಾಲ್ಕು ಸ್ಟಾರು. ಇಷ್ಟು ವರ್ಷದ ಆಟದಲ್ಲಿ ನನಗೆ ಸಿಕ್ಕ ನಾಲ್ಕನೆಯದು. ಕೂಗಿದ ಕೂಗಿಗೆ ಮಲಗಿದ್ದ ಕಾಕಾ ಎದ್ದು ಕೂತರು.

ಇನ್ನೊಂದಿತ್ತು. 0-14-14. ಅಟ್ಯಾಕಿನ ಪಟ್ಟಿ ಪೂರ್ತಿ ಖಾಲಿ, ಬರೀ ಒಂದು ಸ್ಟಾರ್. ನನಗೆ ಬೇಕಾಗಿದ್ದು ಇದೇ. ಮಳೆ ಬಂದಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಮಡ್ಕಿಪ್ ನೀರಿನ ಜಾತಿ, ಮಳೆಯಲ್ಲಿ ಬೂಸ್ಟ್ ಆಗುತ್ತದೆ, ಬೂಸ್ಟ್ ಆದದ್ದಕ್ಕೆ ಯಾವ ಪಟ್ಟಿಯೂ 4ಕ್ಕಿಂತ ಕೆಳಗಿರುವುದಿಲ್ಲ. ಏಪ್ರಿಲ್ ಬಿಸಿಲಿಗೆ ಒಂದು ಉಪಕಾರ ಬರೆದುಕೊಳ್ಳಬೇಕು.

ಕಾಕಾ ಚಹಾ ಹಿಡಿದು ಪಕ್ಕದಲ್ಲಿ ಕೂತು, "ಏನೋ ತಮ್ಮಾ, ಯಾವ್ದು ಚೊಲೊ ಇದರಾಗ?" ಅಂದರು. ಕಾಕಾ ವಯಸ್ಸಿನಲ್ಲಿ ಟಗರು ಸಾಕಿ ಕಾಳಗಕ್ಕೆ ಬಿಡುತ್ತಿದ್ದವರು. ಗ್ರೇಟ್ ಲೀಗ್ ಅಂತ ಒಂದು ಕಾಳಗ ಇದೆ, ಅದರಲ್ಲಿ ಯಾವುದರ ಸಿಪಿಯೂ (ಒಟ್ಟು ಬಲದ ಅಂಕಿ) 1500 ದಾಟುವ ಹಾಗಿಲ್ಲ, ಅದಕ್ಕೆ ಅಟ್ಯಾಕ್ ಕಡಿಮೆ ಇದ್ದದ್ದೇ ಮೇಲು ಅಂದೆ. ನಗುತ್ತಾರೆ ಅಂದುಕೊಂಡಿದ್ದೆ.

"ಹಂಗಾದ್ರ ಇದು ಹಲ್ಲಿನ ಲೆಕ್ಕ," ಅಂದರು. ಕಣದಲ್ಲಿ ಟಗರುಗಳನ್ನು ಹಲ್ಲು ನೋಡಿ ಜೋಡಿ ಹಾಕುತ್ತಾರೆ. ಹಾಲು ಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು. ಇಲ್ಲದ ಟಗರಿನ ಗದ್ದವನ್ನು ಎಡಗೈಲಿ ಹಿಡಿದು, ಹೆಬ್ಬೆರಳಿನಿಂದ ಕೆಳದುಟಿ ಜಗ್ಗಿ ತೋರಿಸಿದರು. "ಹಲ್ಲು ಎರಡ ಇರಬೇಕು, ಎಲುಬು ನಾಕು ಹಲ್ಲಿಂದಿರಬೇಕು. ಅದನ್ನ ಹುಡುಕೋದ ಕೆಲಸ. ಮೊದಲ ಗುದ್ದು ಯಾರರ ಗುದ್ದತಾವ, ಹತ್ತನೇ ಗುದ್ದಿಗೆ ಮಕಾ ತಿರುವಬಾರದು."

ನಾನು ಎರಡು ವರ್ಷ ಯೂಟ್ಯೂಬ್ ನೋಡಿ ಕಲಿತದ್ದು ಇಷ್ಟೇ. ಸಿಪಿ ಲೆಕ್ಕದಲ್ಲಿ ಅಟ್ಯಾಕ್ ಇದ್ದಷ್ಟೂ ಗುಣಾಕಾರಕ್ಕೆ ಹೋಗುತ್ತದೆ, ಡಿಫೆನ್ಸ್ ಮತ್ತು ಎಚ್‌ಪಿಯದು ವರ್ಗಮೂಲ ಮಾತ್ರ. ಹಾಗಾಗಿ ಅಟ್ಯಾಕ್ ಜಾಸ್ತಿ ಇದ್ದದ್ದು ಬೇಗ 1500 ಮುಟ್ಟಿ ನಿಂತುಬಿಡುತ್ತದೆ. ಆ ನಾಲ್ಕು ಸ್ಟಾರಿನದನ್ನು ಸ್ವಾಂಪರ್ಟ್ ಮಾಡಿದರೆ 17.5ನೇ ಲೆವೆಲ್ಲಿಗೇ 1487, ಎಚ್‌ಪಿ 134. ಒಂದು ಸ್ಟಾರಿನದು 19ನೇ ಲೆವೆಲ್ ತನಕ ಏರಿ 1498, ಎಚ್‌ಪಿ 139, ಡಿಫೆನ್ಸ್‌ನಲ್ಲೂ ಮೂರ್ನಾಲ್ಕು ಹೆಚ್ಚು. ಅಟ್ಯಾಕಿನಲ್ಲಿ ಸುಮಾರು ಅಷ್ಟನ್ನೇ ಕಳೆದುಕೊಳ್ಳುತ್ತದೆ. ಐದು ಎಚ್‌ಪಿ ಯಾವ ದೊಡ್ಡ ಮಾತು ಅನ್ನಬಹುದು. ಎರಡು ಎಚ್‌ಪಿಯಲ್ಲಿ ಸೋತವರನ್ನು ಕೇಳಿ.

ಒತ್ತಿದೆ. ಹೈಡ್ರೋ ಕ್ಯಾನನ್ ಬಂತು. ನಾಲ್ಕು ಸ್ಟಾರಿನ ಮರಿ ಹಾಗೇ ಇರಲಿ, ಸಿಪಿ ಮಿತಿಯೇ ಇಲ್ಲದ ಮಾಸ್ಟರ್ ಲೀಗಿಗೆ ಮುಂದೆ ಎಂದಾದರೂ ಆದೀತು.

ಸ್ವಾಂಪರ್ಟಿನ ಜೀವ ಇರುವುದು ಮಡ್ ಶಾಟ್ ಅನ್ನೋ ಸಣ್ಣ ಏಟಿನಲ್ಲಿ. ಈ 2022ರ ಲೆಕ್ಕದಲ್ಲಿ ಹೊಡೆತ ಬರೀ 3, ಆದರೆ ದೊಡ್ಡ ಏಟಿಗೆ ಬೇಕಾದ ಎನರ್ಜಿ ಸೆಕೆಂಡಿಗೊಮ್ಮೆ 9 ತುಂಬುತ್ತದೆ. ಹೈಡ್ರೋ ಕ್ಯಾನನ್‌ಗೆ 40 ಸಾಕು, ಅಂದರೆ ಐದು ಮಡ್ ಶಾಟಿಗೆ 80ರ ಒಂದು ಏಟು, ಉಳಿದ ಚಿಲ್ಲರೆ ಎನರ್ಜಿ ಸೇರಿ ಎರಡನೆಯದಕ್ಕೆ ನಾಲ್ಕೇ ಸಾಕು. ಜೊತೆಗೆ ಅರ್ಥ್‌ಕ್ವೇಕ್ ಇದ್ದರೆ (65 ಎನರ್ಜಿ, 120ರ ಹೊಡೆತ) ಎದುರಾಳಿ ಯಾವುದಕ್ಕೆ ಶೀಲ್ಡ್ (ಏಟು ತಡೆಯುವ ಗುರಾಣಿ) ಹಾಕಬೇಕು ಅಂತ ತಿಳಿಯದೆ ಒದ್ದಾಡುತ್ತಾನೆ. ಇರುವುದೇ ಎರಡು ಶೀಲ್ಡ್. ಅಗ್ಗದ ಏಟಿಗೆ ಅದನ್ನು ಸುಡಿಸುವುದರಲ್ಲೇ ಅರ್ಧ ಆಟ.

ಎರಡನೇ ದೊಡ್ಡ ಏಟು (ಮೂವ್) ಕಲಿಸಲಿಕ್ಕೆ 10,000 ಸ್ಟಾರ್‌ಡಸ್ಟ್ ಅನ್ನೋ ಆಟದ ಪುಡಿ, 25 ಕ್ಯಾಂಡಿ. ಯಾವ ಏಟು ಬರುತ್ತದೋ ಅದೃಷ್ಟ. ಸ್ಟಾರ್ಟರ್ ಜಾತಿ ಅಂತ ಅಗ್ಗ. ಆದರೆ ಉಳಿದ ಕ್ಯಾಂಡಿ ಪವರ್ ಅಪ್‌ಗೆ ಕರಗಿತ್ತು. ನಾಲ್ಕು ಸ್ಟಾರಿನದೊಂದು ಬಿಟ್ಟು ಹಿಡಿದ ಮಡ್ಕಿಪ್‌ಗಳನ್ನೆಲ್ಲ ಒಂದೊಂದು ಕ್ಯಾಂಡಿಗೆ ಆಟದ ಪ್ರೊಫೆಸರ್‌ಗೆ ಕಳಿಸಿ ಹೇಗೋ ಕೂಡಿಸಿದೆ. ಬಂದದ್ದು ಅರ್ಥ್‌ಕ್ವೇಕ್ ಅಲ್ಲ, ಸ್ಲಡ್ಜ್ ವೇವ್. ವಿಷದ ಮೂವ್. ಮಧ್ಯಾಹ್ನವೆಲ್ಲ ಬಿಸಿಲಲ್ಲಿ ಬೆಂದದ್ದಕ್ಕೆ ಇದಾ?

ಕಾಕಾನ ಮಗ ಅದೇ ಹೊತ್ತಿಗೆ ಎದ್ದು ಬಂದ. "ಅಣ್ಣಾ, ಒಂದ್ ಮ್ಯಾಚ್ ಬಾ." ಗ್ರೇಟ್ ಲೀಗ್ ಇಟ್ಟೆವು. ಅವನದು ಮೊದಲು ಆಂಫರೋಸ್, ಕರೆಂಟಿನ ಜಾತಿ. ಕರೆಂಟಿನ ಏಟು ನೀರು-ಮಣ್ಣು ಎರಡೂ ಆಗಿರುವ ಸ್ವಾಂಪರ್ಟಿಗೆ 0.625 ಪಾಲು ಮಾತ್ರ ತಾಗುತ್ತದೆ. ಅದನ್ನು ಅರೆದು ಹಾಕಿ, ಎನರ್ಜಿ ತುಂಬಿಟ್ಟುಕೊಂಡೆ. ಮುಂದೆ ಹುಲ್ಲಿನ ಜಾತಿಯ ಮೆಗಾನಿಯಂ ಬಂತು. ಹುಲ್ಲಿನ ಏಟು ಸ್ವಾಂಪರ್ಟಿಗೆ 2.56 ಪಟ್ಟು, ಒಂದೊಂದು ವೈನ್ ವಿಪ್ಪಿಗೂ ಪಟ್ಟಿ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಬದಲಿಸೋಣ ಅಂದರೆ ಈಗಷ್ಟೇ ಬದಲಿಸಿದ್ದೆ, 60 ಸೆಕೆಂಡ್ ಬೀಗ ಬಿದ್ದಿತ್ತು. ಆದದ್ದಾಗಲಿ ಅಂತ ಸ್ಲಡ್ಜ್ ವೇವ್ ಬಿಟ್ಟೆ. ಹೈಡ್ರೋ ಕ್ಯಾನನ್ ಇರಬೇಕು, ಹುಲ್ಲಿಗೆ ನೀರು ಏನು ಮಾಡೀತು ಅಂತ ಅವನು ಶೀಲ್ಡ್ ಹಾಕಲೇ ಇಲ್ಲ. ಹುಲ್ಲಿಗೆ ವಿಷ ಜೋರು, ಮೆಗಾನಿಯಂ ಅರ್ಧಕ್ಕಿಂತ ಕೆಳಗೆ ಕುಸಿಯಿತು.

"ಏ! ಏನ್ ಹೊಡದಿ ಅಣ್ಣಾ ಅದು?"

ಮ್ಯಾಚ್ ಅವನೇ ಗೆದ್ದ. ಎರಡು ವೈನ್ ವಿಪ್ಪಿಗೆ ಸ್ವಾಂಪರ್ಟ್ ಬಿತ್ತು, ನನ್ನ ತಂಡದ ಉಳಿದ ಎರಡನ್ನೂ ಅವನು ಸಾವಕಾಶ ಮುಗಿಸಿದ. ಕಾಕಾ ಪೂರ್ತಿ ನೋಡಿ, "ಜೋಡಿ ತಪ್ಪಿತ್ತು, ಟಗರು ಚೊಲೊ ಐತಿ," ಅಂದು ಲೋಟ ತೊಳೆಯಲಿಕ್ಕೆ ಎದ್ದರು.

ನನ್ನ ಹತ್ತಿರ ದೊಡ್ಡ ಏಟು ಬದಲಿಸುವ ಒಂದು ಚಾರ್ಜ್ಡ್ ಟಿಎಂ ಇದೆ. ಬಳಸಿದರೆ ಅರ್ಥ್‌ಕ್ವೇಕ್ ಬರಬಹುದು, ಸರ್ಫ್ ಬಂದರೂ ಬಂತು. ರಾತ್ರಿ ಹತ್ತಾಯಿತು, ಎರಡು ಸಲ ಬೆರಳು ಅಲ್ಲಿಗೆ ಹೋಗಿ ವಾಪಸು ಬಂದಿದೆ. ತಮ್ಮ ನಾಳೆ ಊಟದ ತನಕ ಇರುತ್ತಾನೆ. ಅಲ್ಲಿಯವರೆಗೆ ಸ್ಲಡ್ಜ್ ವೇವ್ ಇರಲಿ.