ಜೈಲಿನ ಅಂಗಳದಲ್ಲಿ ಹುಟ್ಟಿದ ಮಳೆಹಾಡು

ಅಮೆರಿಕದ ನ್ಯಾಶ್‌ವಿಲ್‌ನಲ್ಲಿರುವ ಅಕ್ಕನ ಮನೆಯಿಂದ ಮೆಂಫಿಸ್‌ಗೆ ಹೊರಟ ದಿನ ಬೆಳಗಿನಿಂದಲೇ ಜಿಟಿಜಿಟಿ ಮಳೆ ಹಿಡಿದಿತ್ತು. ಭಾವ ಕಾರು ಓಡಿಸುತ್ತಿದ್ದರು. ಊರು ದಾಟಿದ ಮೇಲೆ ನಾನು ‘ಪ್ರಿಸನೇರ್ಸ್’ ತಂಡದ ‘ಜಸ್ಟ್ ವಾಕಿನ್ ಇನ್ ದ ರೇನ್’ ಹಾಡನ್ನು ಹಾಕಿದೆ. ತಂಬೂರಿಯ ಶ್ರುತಿಯಂತೆ ಹಿಂದೆ ನಿಂತ ಕಂಠಗಳು, ಮೆಲ್ಲನೆ ಮಿಡಿಯುವ ಒಂದು ಗಿಟಾರು, ಅವುಗಳ ಮೇಲೆ ತೇಲಿಬರುವ ಜಾನಿ ಬ್ರ್ಯಾಗ್‌ನ ಎಳೆಯ ದನಿ. “ಯಾರಪ್ಪಾ ಇವರು?” ಎಂದು ಭಾವ ಕೇಳಿದರು.

ಇವರು ಐವರೂ ಕೈದಿಗಳು. 1953ರ ಜೂನ್ 1ರಂದು, ನ್ಯಾಶ್‌ವಿಲ್‌ನ ಟೆನ್ನೆಸೀ ರಾಜ್ಯ ಕಾರಾಗೃಹದಿಂದ ಬ್ರ್ಯಾಗ್, ಜಾನ್ ಡ್ರೂ, ವಿಲಿಯಂ ಸ್ಟೀವರ್ಟ್, ಎಡ್ ಥರ್ಮನ್ ಮತ್ತು ಮಾರ್ಸೆಲ್ ಸ್ಯಾಂಡರ್ಸ್ ಅವರನ್ನು ಬಂದೂಕು ಹಿಡಿದ ಕಾವಲುಗಾರರ ನಡುವೆ ಕೂರಿಸಿಕೊಂಡು, ನಾವು ಹೊರಟಿದ್ದ ಊರಿಗೇ, ಸನ್ ಎಂಬ ಸಂಗೀತ ಕಂಪನಿಯ ಒಡೆಯ ಸ್ಯಾಮ್ ಫಿಲಿಪ್ಸ್ ಅವರ ಧ್ವನಿಮುದ್ರಣ ಕೊಠಡಿಗೆ ಕರೆದೊಯ್ದಿದ್ದರು. ಬ್ರ್ಯಾಗ್ ಮತ್ತು ಸಹಕೈದಿ ರಾಬರ್ಟ್ ರೈಲಿ ಮಳೆಯಲ್ಲಿ ಜೈಲಿನ ಅಂಗಳ ದಾಟುವಾಗ ಆಡಿಕೊಂಡ ಮಾತೇ ಹಾಡಾಗಿತ್ತು. ಬ್ರ್ಯಾಗ್ ಹದಿಹರೆಯದಲ್ಲಿಯೇ, ಆರು ಅತ್ಯಾಚಾರ ಪ್ರಕರಣಗಳಲ್ಲಿ ತಲಾ 99 ವರ್ಷಗಳ ಶಿಕ್ಷೆ ಪಡೆದು 1943ರಲ್ಲಿ ಒಳಗೆ ಬಂದವನು. ತಾನು ತಪ್ಪು ಮಾಡಿಲ್ಲವೆಂದೇ ಆತ ಹೇಳುತ್ತಿದ್ದ. ಆ ಕಾಲದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಹುಡುಗನೊಬ್ಬನಿಗೆ ಎಂಥ ನ್ಯಾಯ ಸಿಕ್ಕೀತೆಂಬ ಅನುಮಾನ ನನಗಿದೆ. ಆದರೂ ಈ ಸಂಗತಿಯನ್ನು ಮುಚ್ಚಿಟ್ಟು ಹಾಡನ್ನಷ್ಟೇ ಹೊಗಳುವುದು ನನಗೆ ಸರಿಕಾಣದು.

ಮೆಂಫಿಸ್‌ನ ಯೂನಿಯನ್ ಅವೆನ್ಯೂದಲ್ಲಿ ಆ ಕೊಠಡಿಯಿರುವ 706ನೇ ಸಂಖ್ಯೆಯ ಕಟ್ಟಡ ತೀರಾ ಸಣ್ಣದು. ಹಾಡುವ ಕೊಠಡಿಯೂ ನಮ್ಮ ಕಡೆಯ ದೊಡ್ಡ ಮನೆಯೊಂದರ ಪಡಸಾಲೆಗಿಂತ ಹೆಚ್ಚಿನದಲ್ಲ. ಮಾರ್ಗದರ್ಶಿಯ ಮಾತೆಲ್ಲ ಇಲ್ಲಿಂದಲೇ ಹೆಸರಾದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿಯ ಸುತ್ತಲೇ ಇತ್ತು, ಅದು ಸಹಜವೂ ಹೌದು. ನಾನು ಗೋಡೆಯ ಮೇಲಿನ ಸಣ್ಣಸಣ್ಣ ತೂತುಗಳ ಬಿಳಿ ಹಲಗೆಗಳ ಬಳಿ ನಿಂತು, ಇಲ್ಲಿ ಹಾಡಿದವರು ಮುಗಿದೊಡನೆ ಮತ್ತೆ ಸೆರೆಮನೆಗೆ ಹೊರಟರಲ್ಲ ಎಂಬುದನ್ನೇ ನೆನೆಯುತ್ತಿದ್ದೆ.

ಸನ್ ಕಂಪನಿಯ ಆ ಧ್ವನಿತಟ್ಟೆ ಹೆಸರು ಮಾಡಿತು. ರಾಜ್ಯಪಾಲ ಫ್ರಾಂಕ್ ಕ್ಲೆಮೆಂಟ್ ಅವರ ನಿವಾಸದಲ್ಲಿಯೂ ತಂಡ ಹಾಡಿತು. ಆದರೆ ಒಬ್ಬೊಬ್ಬರೇ ಬಿಡುಗಡೆಯಾಗಿ ಹೊರಗೆ ಹೋದಂತೆ ಬಿಡುಗಡೆಯೇ ತಂಡವನ್ನು ಒಡೆಯಿತು; ಹೊಸಬರನ್ನು ಕೂಡಿಸಿಕೊಂಡ ಬ್ರ್ಯಾಗ್, ‘ಮ್ಯಾರಿಗೋಲ್ಡ್ಸ್’ ಎಂಬ ಹೆಸರಿನಲ್ಲಿ 1955ರಲ್ಲಿ ಎಕ್ಸೆಲ್ಲೊ ಎಂಬ ಧ್ವನಿಮುದ್ರಣ ಕಂಪನಿಗೆ ಹಾಡಿದ. ಮರುವರ್ಷ ಜಾನಿ ರೇ ಎಂಬ ಬಿಳಿಯ ಗಾಯಕ ಅದೇ ಮಳೆಹಾಡನ್ನು ಹಾಡಿದಾಗ ಅದು ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅಮೆರಿಕದಲ್ಲಿ ಎರಡನೆಯ ಸ್ಥಾನಕ್ಕೂ ಬ್ರಿಟನ್ನಿನಲ್ಲಿ ಮೊದಲನೆಯದಕ್ಕೂ ಏರಿತು. ಅದನ್ನು ಕಟ್ಟಿದ ಬ್ರ್ಯಾಗ್ ಆಗಲೂ ಜೈಲಿನಲ್ಲಿಯೇ ಇದ್ದ, ಹೊರಬಂದದ್ದು 1959ರಲ್ಲಿ.

ಮರುದಿನ ಭಾವ ತಾವಾಗಿಯೇ ನನ್ನನ್ನು ನ್ಯಾಶ್‌ವಿಲ್‌ನ ಆ ಹಳೆಯ ಜೈಲಿನತ್ತ ಕರೆದುಕೊಂಡು ಹೋದರು. 1992ರಲ್ಲಿ ಮುಚ್ಚಿದ ಆ ಕಟ್ಟಡ ದೂರದಿಂದ ಕೋಟೆಯಂತೆಯೇ ಕಾಣುತ್ತದೆ; 2020ರ ಸುಂಟರಗಾಳಿಗೆ ಅದರ ಕೆಲವು ಭಾಗ ಕುಸಿದಿದೆ. ಒಳಗೆ ಪ್ರವೇಶವಿಲ್ಲ. ರಸ್ತೆಯಂಚಿನಲ್ಲಿ ಕಾರು ನಿಲ್ಲಿಸಿ ಬಹಳ ಹೊತ್ತು ನೋಡಿದೆವು; ಬ್ರ್ಯಾಗ್ ಮತ್ತು ರೈಲಿ ಮಳೆಯಲ್ಲಿ ನೆನೆಯುತ್ತ ನಡೆದ ಅಂಗಳ ಅಲ್ಲಿಂದ ಕಾಣಲಿಲ್ಲ.